ಇವರು ಕೊಟ್ಟ ಮಾತ್ರೆ

3 ನವೆಂಬರ್ 2025, ಸೋಮವಾರ
ಹೊಳಲ್ಕೆರೆ

ಎರಡು ಬ್ಲೌಸು ಮುಗಿಯಿತು. ಮೂರನೆಯದಕ್ಕೆ ಹುಕ್ಕು ಬಾಕಿ. ಮೇಷ್ಟ್ರ ಹೆಂಡತಿ ಅಳತೆ ಕೊಟ್ಟು ಹೋದ ಮೇಲೆ ದಪ್ಪಗಾಗಿದ್ದಾಳೆ, ಬೈಸಿಕೊಳ್ಳುವವಳು ನಾನು. ‘ಅನುಸೂಯಕ್ಕ, ನಿನ್ನ ಟೇಪು ಸರಿ ಇಲ್ಲ ನೋಡು’ ಅಂದಳು. ಟೇಪಿನ ತಪ್ಪಂತೆ.

ಕೆಲಸ ಮುಗಿದ ಮೇಲೂ ಸ್ವಲ್ಪ ಹೊತ್ತು ಮೆಷಿನ್ ತುಳಿದೆ. ಬಟ್ಟೆ ಇಲ್ಲ, ದಾರ ಇಲ್ಲ. ಸುಮ್ಮನೆ ಸದ್ದಿಗೆ. ಇವರು ತೀರಿಕೊಂಡು ಒಂದೂವರೆ ವರ್ಷ. ಗಂಡನ ಹೆಸರು ಡೈರಿಯಲ್ಲೂ ಬರೆಯಲು ಕೈ ಬರುವುದಿಲ್ಲ ನನಗೆ. ಇವರು ಅಂದರೆ ಇವರು, ಅಷ್ಟೇ.

ಹುಕ್ಕು ಹಾಕುತ್ತಿದ್ದಾಗ ಸ್ವಾತಿ ಫೋನ್. ಚೊಚ್ಚಲ ಹೆರಿಗೆಗೆ ಮಗಳನ್ನು ಯಾವಾಗ ಕರೆತರುತ್ತೀಯ ಅಂತ ಬೀದಿಯೆಲ್ಲ ಕೇಳಿ ಆಯಿತು. ಅವಳಿರುವುದು ಲಕ್ಷದ್ವೀಪದಲ್ಲಿ. ಅಳಿಯ ಲಕ್ಷ್ಮೀಕಾಂತನಿಗೆ ಅಲ್ಲಿ ಹವಾಮಾನ ಆಫೀಸಿನಲ್ಲಿ ಕೆಲಸ.

‘ಅಮ್ಮ, ಈಗ ಹಡಗು ಹತ್ತಬ್ಯಾಡ ಅಂದ್ರು ಡಾಕ್ಟ್ರು. ಬಿಪಿ ಐತಂತೆ. ನೀನೇ ಬಾ.’

‘ನಾನಾ?’

‘ಇನ್ಯಾರಮ್ಮ? ಅತ್ತೆ ಇದ್ದಿದ್ರೆ ಬೇರೆ ಮಾತು. ಒಬ್ರನ್ನ ಹೆರಿಗೆ ರೂಮ್ ಒಳಗೆ ಬಿಡ್ತಾರಂತೆ. ನೀನು ಪಕ್ಕದಾಗೆ ಇರ್ಬೇಕು. ನಂಗೆ ಭಯ ಆಗ್ತೈತೆ.’

ಸ್ವಾತಿ ಭಯ ಅಂತ ಹೇಳಿದ್ದು ನಾನು ಕೇಳಿಯೇ ಇಲ್ಲ. ಬರ್ತೀನಿ ಅಂದೆ. ತಕ್ಷಣ. ನಾನು ಬೇಕು ಅಂತ ಯಾರಾದರೂ ಹೇಳಿ ಎಷ್ಟು ದಿನವಾಗಿತ್ತು! ಬ್ಲೌಸು ಬೇಕು ಅನ್ನುತ್ತಾರೆ, ಫಾಲ್ಸು ಬೇಕು ಅನ್ನುತ್ತಾರೆ.

ಫೋನ್ ಇಟ್ಟ ಮೇಲೆ ಹೊಳೆಯಿತು. ಸಮುದ್ರ. ಇಲ್ಲಿಂದ ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಎರಡು ಸಲ ವಾಂತಿಗೆ ಕವರ್ ಬಿಚ್ಚುವವಳು ನಾನು.

6 ನವೆಂಬರ್

ಬ್ಯಾಗಿನ ಒಳಜಿಪ್ಪು ತೆಗೆದು ನೋಡಿದೆ. ಇದೆ.

ವಾಂತಿ ಮಾತ್ರೆಯ ಸ್ಟ್ರಿಪ್. ಹೋದ ವರ್ಷ ಹೊಸದುರ್ಗದ ಗೃಹಪ್ರವೇಶಕ್ಕೆ ಹೋಗುವಾಗ ಇವರು ಅಂಗಡಿಯಿಂದ ತಂದು ಬಸ್‌ಸ್ಟ್ಯಾಂಡಿನಲ್ಲಿ ಒಂದು ಬಿಚ್ಚಿ ಕೊಟ್ಟರು. ಬರುವಾಗ ಇನ್ನೊಂದು. ಉಳಿದದ್ದನ್ನು ಬ್ಯಾಗಿಗೆ ಹಾಕಿದರು. ಅದಾದ ಮುಂದಿನ ವಾರವೇ ಇವರು ಇಲ್ಲ.

ಇಪ್ಪತ್ತಾರು ವರ್ಷ ಮೆಡಿಕಲ್ ಶಾಪ್ ನಡೆಸಿದವರು. ಊರಲ್ಲೆಲ್ಲ ಒಂದೇ ಮಾತು, ಅಂಗಡಿ ಅಣ್ಣನ ಕೈಗುಣ. ದಾವಣಗೆರೆಯ ದೊಡ್ಡ ಡಾಕ್ಟರು ಬರೆದುಕೊಟ್ಟರೂ ಮಾತ್ರೆ ಮಾತ್ರ ಇವರ ಕೈಯಿಂದಲೇ ಇಸಿದುಕೊಳ್ಳುತ್ತಿದ್ದರು ಜನ. ಮಕ್ಕಳ ಜ್ವರಕ್ಕೆ ಮೊದಲ ಚಮಚ ಟಾನಿಕ್ ಇಲ್ಲೇ ಕುಡಿಸ್ರಿ ಅಂತ ಮಗುವನ್ನೇ ಎತ್ತಿಕೊಂಡು ಬರುವವರಿದ್ದರು. ಇವರು ನಗುತ್ತಿದ್ದರು. ‘ಕೈಯಾಗೆ ಏನೂ ಇಲ್ಲ ಮಾರಾಯ್ರ, ಕಂಪ್ನಿ ಮಾಡಿದ್ದು’ ಅನ್ನುವರು. ಕುಡಿಸುವರು.

ನನಗೂ ಅಷ್ಟೇ. ನಾನೇ ನುಂಗಿದರೆ ನಿಲ್ಲುತ್ತಿರಲಿಲ್ಲ, ಇವರು ಕೊಟ್ಟರೆ ನಿಲ್ಲುತ್ತಿತ್ತು. ಇವರು ಹೋದ ಮೇಲೆ ಬಸ್ಸು ಹತ್ತಿಲ್ಲ. ಮದುವೆ, ತಿಥಿ, ಯಾವುದಕ್ಕೂ. ಮಾತ್ರೆ ಖರ್ಚಾಗುತ್ತದಲ್ಲ.

ಹಿಂದೆ ತಿರುಗಿಸಿ ನೋಡಿದೆ. ಫೆಬ್ರವರಿಗೇ ಡೇಟ್ ಮುಗಿದಿದೆ. ಇವರಿದ್ದಿದ್ದರೆ ಕಿತ್ತು ಎಸೆಯುತ್ತಿದ್ದರು. ಹಳೇ ಮಾತ್ರೆ ಕೂಡಿಟ್ಟುಕೊಂಡವರನ್ನು ಗಿರಾಕಿ ಅಂತಲೂ ನೋಡದೆ ಬೈಯುತ್ತಿದ್ದರು, ‘ನಿನ್ ಹೊಟ್ಟೆ ಏನ್ ಕಸದ ಡಬ್ಬಾನಾ?’

ಗೊತ್ತು. ಗೊತ್ತಿದ್ದೂ ಜಿಪ್ಪು ಎಳೆದೆ.

13 ನವೆಂಬರ್

ಟಿಕೆಟ್, ಪರ್ಮಿಟ್ ಎಲ್ಲ ಅಳಿಯನೇ ಮಾಡಿದ. ವಿಮಾನದಲ್ಲಿ ಸೀಟಿಲ್ಲ. ಕೊಚ್ಚಿಯಿಂದ ಹಡಗು. ದಾರಿಯಲ್ಲಿ ಬೇರೆ ದ್ವೀಪಗಳನ್ನೂ ಮುಟ್ಟಿಕೊಂಡು ಹೋಗುತ್ತದಂತೆ, ಎರಡು ದಿನ.

ಅಂಟಿನುಂಡೆ ಕಟ್ಟಿದೆ. ಬಜೆ, ಓಮ, ಹರಳೆಣ್ಣೆ. ನನ್ನ ಹಳೇ ಕಾಟನ್ ಸೀರೆ ಹರಿದು ಕುಲಾವಿ ಹೊಲಿದೆ. ಗುಲಾಬಿ ಅಲ್ಲ, ನೀಲಿ ಅಲ್ಲ — ಹಳದಿ. ಚಂದ್ರಕ್ಕ ಪಕ್ಕದ ಮನೆಯಿಂದ ಬಂದು ಕುಂತಳು, ಕೆಲಸ ಮಾಡಲಿಕ್ಕಲ್ಲ, ಉಂಡೆ ತಿನ್ನಲಿಕ್ಕೆ.

‘ಹಡ್ಗು ಮುಳುಗ್ತೈತೇನೇ?’

‘ಮುಳುಗಿದ್ರೆ ನಿನ್ ಲಂಗ ಹೊಲಿಯೋರು ಯಾರು? ಮುಳುಗಲ್ಲ ತಗ.’

ಸಾಯಂಕಾಲ ಅಂಗಡಿಗೆ ಹೋದೆ. ಈಗ ಸಣ್ಣಪ್ಪ ನಡೆಸುತ್ತಾನೆ. ಇವರ ಹತ್ತಿರವೇ ಕೆಲಸ ಕಲಿತವನು. ಎದ್ದು ನಿಂತ.

‘ಬರ್ರಿ ಅಕ್ಕ, ಕುಂತ್ಕಳ್ರಿ. ಹಡಗಿಗೆ ಅಂತ ಹೊಸ ಸ್ಟ್ರಿಪ್ ತೆಗೆದಿಟ್ಟೀನಿ. ಹತ್ತೋಕ್ಕೆ ಮುಂಚೆ ಒಂದು. ವಾಂತಿ ಶುರು ಆದ ಮ್ಯಾಲೆ ನುಂಗಿದ್ರೆ ಉಪಯೋಗ ಇಲ್ಲ.’

ದುಡ್ಡು ತಗೊಳ್ಳಲಿಲ್ಲ. ಒಳ್ಳೆಯವನು. ಆದರೆ ಅವನು ಆ ಕುರ್ಚಿಯಲ್ಲಿ ಕೂತಿದ್ದು ನೋಡಿ ಸಿಟ್ಟು ಬಂತು. ಕಾರಣವಿಲ್ಲದ ಸಿಟ್ಟು. ಮನೆಗೆ ಬಂದು ಅತ್ತೆ.

18 ನವೆಂಬರ್, ಮಂಗಳವಾರ
ಬೆಂಗಳೂರು, ರೈಲ್ವೆ ಸ್ಟೇಷನ್

ವಾಂತಿ ಆಗಲಿಲ್ಲ! ಇದನ್ನು ಬರೆದಿಡಲೇಬೇಕು.

ಊರಲ್ಲಿ ಬೆಂಗಳೂರು ಬಸ್ಸು ಹತ್ತುವ ಮುಂಚೆ ಇವರ ಸ್ಟ್ರಿಪ್ಪಿನಿಂದ ಒಂದು ನುಂಗಿದೆ. ಕಣ್ಣು ಮುಚ್ಚಿ, ಇವರು ಎದುರಿಗೆ ನಿಂತಿದ್ದಾರೆ ಅಂದುಕೊಂಡು. ನುಂಗಿದ್ಯಾ, ಬಾಯಿ ತೆಗಿ ನೋಡಾಣ — ಹಾಗೇ ಕೇಳುತ್ತಿದ್ದರು, ಜನರೆದುರಿಗೇ, ನಾಚಿಕೆಯಿಲ್ಲದೆ. ಚಿತ್ರದುರ್ಗ ದಾಟಿತು, ಐಮಂಗಲ ದಾಟಿತು, ಏನೂ ಇಲ್ಲ. ಹೈವೇ ನೇರವಾಗಿದೆ, ಹೊಸ ಬಸ್ಸು, ಅಲುಗಾಡಲೇ ಇಲ್ಲ ಅನ್ನಿ. ಆದರೂ.

ಹಿಂದಿನ ಸೀಟಿನಲ್ಲಿ ಒಬ್ಬ ತಾಯಿ, ಕಾಲೇಜು ವಯಸ್ಸಿನ ಮಗಳು. ಹುಡುಗಿ ಕವರಿನಲ್ಲಿ ಮುಖ ಇಟ್ಟುಕೊಂಡು ಒದ್ದಾಡುತ್ತಿದ್ದಳು. ನೋಡಲಾಗಲಿಲ್ಲ, ನನ್ನನ್ನೇ ನೋಡಿದ ಹಾಗಾಯಿತು. ಕಿಟಕಿ ಸೀಟು ಬಿಟ್ಟುಕೊಟ್ಟೆ. ಸಣ್ಣಪ್ಪ ಕೊಟ್ಟ ಹೊಸ ಸ್ಟ್ರಿಪ್ ತೆಗೆದು ಒಂದು ನುಂಗಿಸಿದೆ.

‘ಪೂರಾ ಇಟ್ಕಳ್ರಿ. ವಾಪಸ್ ಬರಬೇಕಾದ್ರೂ ಬೇಕಲ್ಲ.’

‘ನಿಮಗಕ್ಕಾ?’

‘ನಂಗೆ ಬೇರೆ ಐತೆ. ನಮ್ಮ ಮನೆಯೋರು ಕೊಟ್ಟಿದ್ದು.’

ಕೊಟ್ಟಿದ್ದು ಅಂತಷ್ಟೇ ಹೇಳಿದೆ. ತೀರಿಕೊಂಡಿದ್ದಾರೆ ಅನ್ನಲಿಲ್ಲ. ಅಷ್ಟು ಹೊತ್ತು ನನಗೆ ಗಂಡ ಇದ್ದ.

ರೈಲು ಬಂತು.

20 ನವೆಂಬರ್, ಬೆಳಿಗ್ಗೆ
ಹಡಗು, ಕೊಚ್ಚಿ

ಹಡಗಂದರೆ ನಾನು ದೋಣಿಯ ದೊಡ್ಡಪ್ಪ ಅಂದುಕೊಂಡಿದ್ದೆ. ಇದು ತಾಲೂಕು ಕಚೇರಿಯಷ್ಟಿದೆ. ಒಳಗೆ ಸಾಲಾಗಿ ಹಾಸಿಗೆ. ನನ್ನದು ಕೆಳಗಿನದು. ಮೇಲಿನ ಹಾಸಿಗೆಯಲ್ಲಿ ಒಬ್ಬ ಮಲಯಾಳಿ ಹೆಂಗಸು, ನನ್ನದೇ ವಯಸ್ಸು. ಅವಳಿಗೆ ಕನ್ನಡ ಬಾರದು, ನನಗೆ ಮಲಯಾಳ ಬಾರದು. ನಗುತ್ತೇವೆ.

ಲಕ್ಷ್ಮೀಕಾಂತ್ ಫೋನ್. ‘ಅತ್ತೆ, ಸಮುದ್ರ ಸ್ವಲ್ಪ ರಫ್ ಐತೆ. ಮಾತ್ರೆ ತಗೊಂಡ್ರಾ?’ ತಗೊಂಡೆ ಅಂದೆ. ಆಮೇಲೆ ತಗೊಂಡೆ. ಹಿಂದೆ ಸ್ವಾತಿ ದನಿ. ‘ಅಮ್ಮ, ಬೇಗ ಬಾ.’

ಅದನ್ನು ಹಡಗಿಗೆ ಹೇಳಬೇಕು.

ಅದೇ ದಿನ, ಮಧ್ಯಾಹ್ನ

ಆಗುತ್ತಿಲ್ಲ. ದಂಡೆ ಮರೆಯಾದಾಗಿನಿಂದ. ನೆಲ ಮೇಲೆ ಬರುತ್ತದೆ, ಕೆಳಗೆ ಹೋಗುತ್ತದೆ. ಊಟ, ಕಾಫಿ, ನನ್ನ ದಿನದ ಬಿಪಿ ಮಾತ್ರೆ ಎಲ್ಲ ಹೊರಗೆ. ಇನ್ನೊಂದು ನುಂಗಿದೆ. ಇವರದು. ಕೆಲಸ ಮಾಡುತ್ತದೆ, ಸ್ವಲ್ಪ ತಡವಾಗಿ.

ಮೇಲಿನವಳು ಇಳಿದು ಬಂದು ಬೆನ್ನು ಸವರಿದಳು. ‘ಡಾಕ್ಟರ್, ಡಾಕ್ಟರ್’ ಅಂತ ಬಾಗಿಲು ತೋರಿಸಿದಳು. ಬ್ಯಾಡ ಅಂದೆ. ಸ್ಟ್ರಿಪ್ ತೋರಿಸಿದೆ. ಮಾತ್ರೆ ಐತೆ ನೋಡು, ಐತೆ.

21, ಇರಬೇಕು

ಮತ್ತೊಂದು ನುಂಗಿದೆ. ಹೊರಗೆ ಬಂತು. ಮಾತ್ರೆ ಹಾಗೇ ಇತ್ತು, ಇಡಿಯಾಗಿ, ಬಿಳಿಯಾಗಿ. ನೀರೂ ನಿಲ್ಲುತ್ತಿಲ್ಲ. ಕಾಲಲ್ಲಿ ಸೆಳೆತ.

ರೀ ಅಂತ ಕರೆದೆ. ಜೋರಾಗಿಯೇ ಕರೆದೆನೇನೋ. ಸುತ್ತ ಜನ ತಿರುಗಿದರು. ಇವರು ಬರಲಿಲ್ಲ. ಯಾಕೆ ಬರುತ್ತಾರೆ? ಸತ್ತಿದ್ದಾರೆ. ಸುಡುಗಾಡಿನಲ್ಲಿ ಅಳದವಳು ಇಲ್ಲಿ ಬಕೆಟ್ಟಿನ ಮುಂದೆ ಕೂತು ಅತ್ತೆ.

ಮೇಲಿನವಳು ನನ್ನ ಮಾತು ಕೇಳದೆ ಡಾಕ್ಟರನ್ನು ಕರೆತಂದಳು. ಚಿಕ್ಕ ವಯಸ್ಸಿನವರು, ಹಿಂದಿ. ಸ್ಟ್ರಿಪ್ ತಿರುಗಿಸಿ ನೋಡಿದರು. ಬೈಯಲಿಲ್ಲ. ‘ಅಮ್ಮಾಜೀ, ಇದು ವಿಷವಾಗಿದೆ ಅಂತಲ್ಲ. ಆದರೆ ಡೇಟ್ ಮುಗಿದ ಮೇಲೆ ಇದನ್ನು ನಂಬುವ ಹಾಗಿಲ್ಲ. ನಿನ್ನೆಯೇ ಯಾಕೆ ಹೇಳಲಿಲ್ಲ?’ ಏನಂತ ಹೇಳಲಿ, ಹಿಂದಿಯಲ್ಲಿ? ಕೈಗುಣಕ್ಕೆ ಹಿಂದಿಯಲ್ಲಿ ಏನನ್ನುತ್ತಾರೋ.

ಇಂಜೆಕ್ಷನ್ ಕೊಟ್ಟರು. ಕಣ್ಣು ಎಳೆ

25 ನವೆಂಬರ್, ಮಂಗಳವಾರ
ದ್ವೀಪದ ಆಸ್ಪತ್ರೆ

ಇವತ್ತು ಪೆನ್ನು ಹಿಡಿಯುವಷ್ಟು ಶಕ್ತಿ ಬಂದಿದೆ. ಎಡಗೈಗೆ ಸಲೈನ್.

ನನ್ನನ್ನು ಹಡಗಿನಿಂದ ಸ್ಟ್ರೆಚರಿನಲ್ಲಿ ಇಳಿಸಿದರಂತೆ. ನನಗೆ ನೆನಪಿರುವುದು ಸ್ವಾತಿಯ ಮುಖ. ದಪ್ಪ ಹೊಟ್ಟೆ ಹೊತ್ತುಕೊಂಡು ದಂಡೆಯಲ್ಲಿ ನಿಂತಿದ್ದಳು, ಬಾಯಿಗೆ ಸೆರಗು ಒತ್ತಿಕೊಂಡು. ಮೈಯಲ್ಲಿ ನೀರೆಲ್ಲ ಹೋಗಿ, ಬಿಪಿ ಹದ ತಪ್ಪಿ, ಮೂತ್ರಪಿಂಡಕ್ಕೂ ಸ್ವಲ್ಪ ಪೆಟ್ಟಾಗಿದೆಯಂತೆ. ಸರಿಹೋಗುತ್ತದೆ, ಏಳಬಾರದು.

ಅಂಟಿನುಂಡೆಯನ್ನು ಇಲ್ಲಿಯ ನರ್ಸುಗಳು ತಿಂದು ಹೊಗಳಿದರು. ಬಾಣಂತನ ಮಾಡಲು ಬಂದವಳಿಗೆ ತುಂಬುಗರ್ಭಿಣಿ ಗಂಜಿ ಕುಡಿಸುತ್ತಾಳೆ. ಬಿಸಿ ಆರಿಸಿ, ಚಮಚದಲ್ಲಿ.

‘ಅಪ್ಪಂಗೆ ಗೊತ್ತಾಗಿದ್ರೆ ನಿನ್ನ ಸುಮ್ನೆ ಬಿಡ್ತಿದ್ನಾ?’ ಅಂದಳು. ಅವಳಿಗೆ ಎಲ್ಲ ಗೊತ್ತಾಗಿದೆ, ಹಡಗಿನ ಡಾಕ್ಟರು ಚೀಟಿಯಲ್ಲಿ ಬರೆದಿದ್ದರಂತೆ.

‘ಬಿಡ್ತಿರ್ಲಿಲ್ಲ.’

‘ಮತ್ತೆ ಯಾಕಮ್ಮ?’

‘ಮುಗಿಸಾಕೆ ಮನಸ್ಸಿರಲಿಲ್ಲ ಕಣೆ. ಎಸೆಯಾಕೂ ಇರಲಿಲ್ಲ.’

ಚಮಚ ಬಟ್ಟಲಲ್ಲಿಟ್ಟು ನನ್ನ ಹಾಸಿಗೆಯ ಅಂಚಿನಲ್ಲಿ ಕುಂತಳು. ಇಬ್ಬರೂ ಅತ್ತೆವು. ಒಂದೂವರೆ ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ಅತ್ತಿದ್ದು ಇದೇ ಮೊದಲು. ಫೋನಿನಲ್ಲಿ ಬರೀ ಊಟ ಆಯ್ತಾ, ಆಯ್ತು.

ಡೆಲಿವರಿಗೆ ಇನ್ನೂ ಹತ್ತು ದಿನ ಇದೆ. ಅಷ್ಟರಲ್ಲಿ ಎದ್ದೇಳುತ್ತೇನೆ. ಏಳಲೇಬೇಕು.

27 ನವೆಂಬರ್, ಗುರುವಾರ

ಬೆಳಿಗ್ಗೆಯೇ ನೀರು ಹೋಯಿತು ಸ್ವಾತಿಗೆ. ನನಗೆ ಗಂಜಿ ತರುತ್ತಿದ್ದಳು, ಇದೇ ವಾರ್ಡಿನ ಬಾಗಿಲಲ್ಲಿ. ನನ್ನನ್ನು ನೋಡಿ ನೋಡಿ ಹೆದರಿ ಹೀಗಾಯಿತೇನೋ. ಹಾಗೇನೂ ಇಲ್ಲ ಅನ್ನುತ್ತಾರೆ ಡಾಕ್ಟರು. ನನಗೆ ನಂಬಿಕೆಯಿಲ್ಲ.

ಹೆರಿಗೆ ರೂಮು ಈ ಗೋಡೆಯ ಆಚೆ. ಅಷ್ಟೇ ದೂರ. ಸಮುದ್ರ ದಾಟಿ ಬಂದವಳಿಗೆ ಒಂದು ಗೋಡೆ ದಾಟಲಾಗುತ್ತಿಲ್ಲ.

ಎದ್ದು ನೋಡಿದೆ. ಸಲೈನ್ ಕಂಬ ಹಿಡಿದು ಬಾಗಿಲವರೆಗೆ ಹೋದೆ, ಕಣ್ಣು ಕತ್ತಲೆ ಬಂತು, ಬಿದ್ದೆ. ಸಿಸ್ಟರ್ ಇಬ್ಬರು ಎತ್ತಿ ತಂದು ಮಲಗಿಸಿ ಹಾಸಿಗೆಗೆ ಅಡ್ಡಕಂಬಿ ಹಾಕಿದರು. ಮಕ್ಕಳಿಗೆ ಹಾಕುವ ಹಾಗೆ. ಒಳಗೆ ಲಕ್ಷ್ಮೀಕಾಂತ್ ಹೋಗಿದ್ದಾನೆ.

ಬರೆಯುತ್ತಾ ಇರುತ್ತೇನೆ. ಸುಮ್ಮನೆ ಮಲಗಿದರೆ ಹುಚ್ಚು ಹಿಡಿಯುತ್ತದೆ.

ಅಮ್ಮಾ ಅಂತ ಕೂಗುತ್ತಿದ್ದಾಳೆ. ನೋವಿಗೆ ಎಲ್ಲರೂ ಹಾಗೇ ಕೂಗುತ್ತಾರೆ ಅಂದುಕೊಂಡೆ. ಅಲ್ಲ. ‘ಅಮ್ಮಾ, ಇದೀಯಾ?’ ಅನ್ನುತ್ತಿದ್ದಾಳೆ. ‘ಇದೀನಿ ಕಣೇ, ಇಲ್ಲೇ ಇದೀನಿ!’ ಗೋಡೆ ಗುದ್ದಿ ಕೂಗಿದೆ. ಕೇಳಿಸಿತೋ ಇಲ್ಲವೋ. ಪಕ್ಕದ ಹಾಸಿಗೆಯ ಅಜ್ಜಿಯೂ ಸೇರಿಕೊಂಡು ತನ್ನ ಭಾಷೆಯಲ್ಲಿ ಕೂಗಿತು.

ಅವಳು ಕೇಳಿದ್ದು ಒಂದೇ, ಪಕ್ಕದಲ್ಲಿರು ಅಂತ. ಹೊಸ ಮಾತ್ರೆ ನುಂಗಿದ್ದರೆ ಪಕ್ಕದಲ್ಲಿರುತ್ತಿದ್ದೆ. ಇವರ ಕೈಗುಣ ಇವರ ಕೈಯಲ್ಲಿತ್ತು, ಆ ಕೈಯನ್ನು ನಾವೇ ಬೆಂಕಿಗಿಟ್ಟು ಬಂದೆವು. ಬ್ಯಾಗಿನ ಜಿಪ್ಪಿನೊಳಗೆ ನಾನು ಏನನ್ನು ಕಾಯುತ್ತಿದ್ದೆನೋ. ಕ್ಷಮಿಸು ಮಗಳೇ. ಇದನ್ನು ಬಾಯಲ್ಲೂ ಹೇಳುತ್ತೇನೆ.

ಕೂಗು ನಿಂತಿತು.

ಯಾಕೆ ನಿಂತಿತು? ಯಾರೂ ಓಡಾಡುತ್ತಿಲ್ಲ. ಅಜ್ಜಿ ನನ್ನನ್ನೇ ನೋಡುತ್ತಿದೆ.

ಅತ್ತಿತು! ಮಗು ಅತ್ತಿತು. ಏನು ಗಂಟಲು! ಸ್ವಾತಿಯ ದನಿಯೂ ಕೇಳಿತು, ನಗುತ್ತಿದ್ದಾಳೋ ಅಳುತ್ತಿದ್ದಾಳೋ. ಅಜ್ಜಿ ಕೈಯೆತ್ತಿ ಪ್ರಾರ್ಥಿಸುತ್ತಿದೆ. ನಾನು ಮಲಗಿದ್ದೇನೆ. ಎಲ್ಲ ಆಯಿತು, ನಾನಿಲ್ಲದೆ ಆಯಿತು.

ಬಾಗಿಲು. ಸಿಸ್ಟರ್. ಹಿಂದೆ ಲಕ್ಷ್ಮೀಕಾಂತ್, ಮುಖವೆಲ್ಲ ನೀರು. ‘ಅತ್ತೆ, ಹೆಣ್ಣು. ಮೊದ್ಲು ಅಮ್ಮನ ಕೈಗೆ ಕೊಡ್ರಿ ಅಂದ್ಳು ಸ್ವಾತಿ.’ ಸಿಸ್ಟರ್ ಕಂಬಿ ಇಳಿಸುತ್ತಿದ್ದಾರೆ. ಒಂದು ಕೈಯಲ್ಲಿ ಸೂಜಿ, ಒಂದರಲ್ಲಿ ಪೆ