ತುಂಬಿದ ಸ್ಟ್ಯಾಂಡಿನ ಮುಂದೆ ಇಪ್ಪತ್ತಮೂರು ನಿಮಿಷ

ನಗರ ಸಾರಿಗೆಯ ಆಯುಕ್ತರಿಗೆ,

ಮಾನ್ಯರೇ, ಬಾಡಿಗೆ ಸೈಕಲನ್ನು ಹೊತ್ತಿಗೆ ಸರಿಯಾಗಿ ವಾಪಸ್ ಕೊಡಲಿಲ್ಲವೆಂದು ನನ್ನ ವಿದ್ಯಾರ್ಥಿ ಪಾಸನ್ನು ಬರುವ ಸೋಮವಾರ ಮಧ್ಯಾಹ್ನದಿಂದ ಸೆಮಿಸ್ಟರ್ ಮುಗಿಯುವವರೆಗೆ ರದ್ದು ಮಾಡಿದ್ದೀರಿ. ನಾನು ವಾಪಸ್ ಕೊಡಲು ಹೊತ್ತಿಗೆ ಮುಂಚೆಯೇ ಬಂದಿದ್ದೆ. ಇಟ್ಟುಕೊಳ್ಳಲು ನಿಮ್ಮ ಬಳಿ ಜಾಗವಿರಲಿಲ್ಲ. ಇಷ್ಟೇ ವಿಷಯ. ಆದರೆ ನಾನು ಹತ್ತು ವರ್ಷ ಹಾಸ್ಟೆಲಿನಲ್ಲಿ ಬೆಳೆದವಳು. ಬೆಲ್ ಆದಮೇಲೆ ಬಂದವರು ಕಾರಣ ಹೇಳಲೇಬೇಕು ಎಂಬ ಭಯ ಇನ್ನೂ ಮೈಯಲ್ಲಿದೆ. ಹಾಗಾಗಿ ವಿವರವಾಗಿ ಬರೆಯುತ್ತಿದ್ದೇನೆ. ಕನ್ನಡದ ನಡುವೆ ಇಂಗ್ಲಿಷ್ ನುಸುಳಿದರೆ ಸಾರಿ.

ನನ್ನ ರೂಮು ಇರುವುದು ಬಸ್ಸಿನ ಕೊನೇ ಸ್ಟಾಪಿನಲ್ಲಿ. ಬಸ್ಸು, ಆಮೇಲೆ ಮೆಟ್ರೋ, ಮೆಟ್ರೋದಿಂದ ಕಾಲೇಜಿಗೆ ಸೈಕಲ್. ಮೂರಕ್ಕೂ ಆ ಒಂದೇ ಪಾಸು. ಅದಿಲ್ಲದೆ ಒಂಬತ್ತರ ಲ್ಯಾಬಿಗೆ ನಾನು ತಲುಪುವುದಿಲ್ಲ. ಲ್ಯಾಬಿನ ಹಾಜರಿ ಬಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಮೂರು ಸಲ ಲೇಟಾದರೆ ಪಾಸು ರದ್ದು ಎಂಬುದು ನಿಮ್ಮ ನಿಯಮ. ಮೊದಲೆರಡು ಲೇಟು ನನ್ನದೇ. ಒಮ್ಮೆ ದಾರಿ ತಪ್ಪಿದೆ, ಇನ್ನೊಮ್ಮೆ ಸೈಕಲನ್ನು ಸ್ಟ್ಯಾಂಡಿನ ಬೀಗ ಸರಿಯಾಗಿ ಬೀಳುವವರೆಗೆ ಒತ್ತಲಿಲ್ಲ. ಒಪ್ಪಿಕೊಂಡಿದ್ದೇನೆ. ಮೂರನೆಯದು ಮಾತ್ರ ನಿಮ್ಮದು, ಮಾನ್ಯರೇ. ಅದನ್ನು ನನ್ನ ಲೆಕ್ಕಕ್ಕೆ ಹಾಕಿಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಆ ದಿನ ನನ್ನ ಸೋದರತ್ತೆ ರಾಜಧಾನಿ ನೋಡಲು ಬಂದಿದ್ದರು. ಅವರು ಟೈಲರ್, ಅಂಗಡಿಗೆ ಒಂದು ದಿನದ ಬೀಗ ಹಾಕಿ ಬಂದವರು. ನಾನು ಬಹಳ ಪ್ಲಾನ್ ಮಾಡಿದ್ದೆ. ಮೆಟ್ರೋದಲ್ಲಿ ಮ್ಯೂಸಿಯಮ್ಮಿಗೆ ಹೋದೆವು, ಬಸ್ಸಿನಲ್ಲಿ ಸಂಸತ್ತಿನ ಮುಂದೆ ಇಳಿದೆವು. ಅತ್ತೆ ಕಟ್ಟಡವನ್ನು ಅರೆಗಳಿಗೆ ನೋಡಿ, ಕಾವಲುಗಾರನ ಕೋಟನ್ನು ಐದು ನಿಮಿಷ ನೋಡಿದರು. ಭುಜ ಸರಿಯಾಗಿ ಕೂತಿಲ್ಲವಂತೆ. ಮಧ್ಯಾಹ್ನ ನದಿ ದಂಡೆಯಲ್ಲಿ ನನ್ನ ಪಾಸಿನಲ್ಲೇ ಎರಡು ಸೈಕಲ್ ತೆಗೆದೆವು. ಮದುವೆಗೆ ಮುಂಚೆ ಸೈಕಲ್ ತುಳಿದವರು ಅತ್ತೆ, ಆಮೇಲೆ ಮುಟ್ಟಿರಲಿಲ್ಲ. ಮೊದಲ ಸೇತುವೆಯವರೆಗೆ ನನ್ನನ್ನು ಬೈದರು. ಆಮೇಲೆ ನನ್ನನ್ನು ಹಿಂದೆ ಹಾಕಿ ಹೋದರು. ನಿಮ್ಮ ಇಲಾಖೆಗೆ ನಾನು ಮನಸಾರೆ ಥ್ಯಾಂಕ್ಸ್ ಹೇಳಿದ್ದು ಅಲ್ಲಿಯೇ, ಕೊನೆಯ ಸಲ.

ನಲವತ್ತೈದು ನಿಮಿಷದೊಳಗೆ ಸೈಕಲನ್ನು ಯಾವುದಾದರೂ ಸ್ಟ್ಯಾಂಡಿನಲ್ಲಿ ಇಡಬೇಕಲ್ಲ, ಬೀಗ ಬಿದ್ದರೇ ವಾಪಸ್ ಕೊಟ್ಟ ಲೆಕ್ಕ. ಲೈಬ್ರರಿಯ ಸ್ಟ್ಯಾಂಡಿಗೆ ಬಂದೆವು, ಭರ್ತಿ. ಬ್ಯಾಂಕಿನ ಮುಂದೆ ಹೋದೆವು, ಭರ್ತಿ. ರೈಲ್ವೆ ಸ್ಟೇಷನ್ನಿನ ಹಿಂದೆ ಒಂದು ಜಾಗ ಖಾಲಿಯಿತ್ತು. ಅದರ ಮೇಲೆ ‘ಕೆಟ್ಟಿದೆ’ ಎಂಬ ಚೀಟಿಯಿತ್ತು. ಚೀಟಿ ಅಂಟಿಸಲು ಬಂದವರಿಗೆ ರಿಪೇರಿಗೆ ಪುರುಸೊತ್ತಾಗಲಿಲ್ಲವೇ? ನಾನು ತಿರುವಿಗೊಮ್ಮೆ ಗಡಿಯಾರ ನೋಡುತ್ತಿದ್ದೆ. ಅತ್ತೆ ನಿರಾಳವಾಗಿದ್ದರು.

“ಊರು ತೋರಿಸ್ತೀನಿ ಅಂತ ಕರ್ಕೊಂಡ್ ಬಂದು ಬರೀ ಸ್ಟ್ಯಾಂಡ್ ತೋರಿಸ್ತಾ ಇದೀಯಲ್ಲೇ,” ಎಂದರು.

ಆಸ್ಪತ್ರೆಯ ಸ್ಟ್ಯಾಂಡಿಗೆ ತಲುಪಿದಾಗ ಮೂವತ್ತೆಂಟನೇ ನಿಮಿಷ. ಅದೂ ಭರ್ತಿ. ಪಕ್ಕದಲ್ಲಿ ನಿಮ್ಮದೇ ಇಲಾಖೆಯ ಲಾರಿ, ಮೇಲೆ ಎಂಟು ಸೈಕಲ್. ಹೆಚ್ಚಾದ ಸೈಕಲ್ ಹೊತ್ತೊಯ್ಯಲು ಬಂದಿದೆ ಎಂದು ನನಗೆ ಹೋದ ಜೀವ ಬಂದಂತಾಯಿತು. ಲಾರಿಯವರನ್ನು ಕೇಳಿದೆ. ಅವರು ತಂದವರಂತೆ. ಮೂರು ಗಂಟೆಗೆ ಇಲ್ಲಿ ಎಂಟು ಸೈಕಲ್ ಇಳಿಸಬೇಕೆಂದು ಆರ್ಡರ್, ಅವರೂ ಜಾಗಕ್ಕಾಗಿ ಕಾಯುತ್ತಿದ್ದಾರೆ.

“ನಾನು ನಿಮಗಿಂತ ಮೊದಲು ಬಂದಿದೀನಿ ಕಣಮ್ಮ,” ಎಂದರು ಪಾಪ.

ಸ್ಟ್ಯಾಂಡಿನಿಂದ ಎರಡು ಸೈಕಲ್ ತೆಗೆದು ಲಾರಿಗೆ ಹಾಕಿಕೊಳ್ಳಿ ಅಣ್ಣ, ನಮ್ಮೆರಡು ಕೂರುತ್ತವೆ ಎಂದು ಬೇಡಿಕೊಂಡೆ. ಅವರು ಹಾಳೆ ತೋರಿಸಿದರು. ಅದರಲ್ಲಿ ಇಳಿಸು ಎಂದಿತ್ತು, ಹತ್ತಿಸು ಎಂದಿರಲಿಲ್ಲ. ಬರೆಯದ್ದನ್ನು ಮಾಡಿದರೆ ಮೆಮೊ ಬರುತ್ತದಂತೆ. ಅತ್ತೆ ಹಾಳೆಯನ್ನು ಇಸಕೊಂಡು ಕೆಳಗಿನವರೆಗೆ ಓದಿದರು.

“ಅಳತೆ ತಗೊಳ್ದೆ ಬಟ್ಟೆ ಕತ್ತರಿಸಿದಾರೆ, ಬಿಡು. ಇವರೇನ್ ಮಾಡ್ತಾರೆ?”

ನಲವತ್ಮೂರನೇ ನಿಮಿಷಕ್ಕೆ ಡ್ಯೂಟಿ ಮುಗಿದ ನರ್ಸ್ ಒಬ್ಬರು ಬಂದು ಒಂದು ಸೈಕಲ್ ತೆಗೆದರು. ಲಾರಿಯವರು ತಮ್ಮ ಸರದಿಯನ್ನು ನಮಗೇ ಬಿಟ್ಟುಕೊಟ್ಟರು. ಅತ್ತೆಯ ಸೈಕಲ್ ಇಟ್ಟೆವು. ನನ್ನದಕ್ಕೆ ಜಾಗ ಸಿಕ್ಕಾಗ ಅರವತ್ತೊಂದನೇ ನಿಮಿಷ. ಆಗಲೂ ಸರದಿ ಬಿಟ್ಟವರು ಅವರೇ. ಇಡೀ ಪ್ರಕರಣದಲ್ಲಿ ನಿಮ್ಮ ಇಲಾಖೆಯ ಮರ್ಯಾದೆ ಉಳಿಸಿದ್ದು ಆ ಮನುಷ್ಯ; ದಯವಿಟ್ಟು ಅದಕ್ಕೆ ಮೆಮೊ ಕಳಿಸಬೇಡಿ.

ನಿಮ್ಮ ಮೇಲ್ಮನವಿ ಪುಟದಲ್ಲಿ ಲೇಟಿಗೆ ನಾಲ್ಕು ಕಾರಣಗಳಿವೆ: ಪಂಕ್ಚರ್, ಅಪಘಾತ, ಅನಾರೋಗ್ಯ, ಮರೆವು. ‘ಜಾಗವಿರಲಿಲ್ಲ’ ಎಂಬುದಿಲ್ಲ. ಸಹಾಯವಾಣಿಯವರು ಪಂಕ್ಚರ್ ಒತ್ತಿಬಿಡಿ, ಎಲ್ಲರೂ ಅದನ್ನೇ ಒತ್ತುವುದು ಎಂದು ಪ್ರೀತಿಯಿಂದ ಹೇಳಿದರು. ಈ ನಗರದ ರಸ್ತೆಗಳಲ್ಲಿ ಇಷ್ಟೊಂದು ಮೊಳೆಗಳಿವೆಯೇ ಎಂದು ನಿಮಗೆ ಯಾವತ್ತೂ ಅನುಮಾನ ಬಂದಿಲ್ಲವೇ, ಮಾನ್ಯರೇ? ನಾನು ಒತ್ತಲಿಲ್ಲ. ಧೈರ್ಯದಿಂದಲ್ಲ, ಸುಳ್ಳು ಹೇಳಿದರೆ ನನಗೆ ಹೊಟ್ಟೆನೋವು ಬರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಎರಡು. ಮೂರನೇ ಲೇಟನ್ನು ಅಳಿಸಿ ಪಾಸನ್ನು ಉಳಿಸಿಕೊಡಿ. ಆ ಪುಟಕ್ಕೆ ಐದನೇ ಕಾರಣವೊಂದನ್ನು ಸೇರಿಸಿ. ನಂಬಿಕೆ ಬಾರದಿದ್ದರೆ ಸೋಮವಾರ ಎಂಟೂ ಐವತ್ತಕ್ಕೆ ಕಾಲೇಜಿನ ಗೇಟಿನ ಸ್ಟ್ಯಾಂಡಿಗೆ ಬನ್ನಿ. ಅದು ಭರ್ತಿಯಾಗಿರುತ್ತದೆ, ನಾನು ಸೈಕಲ್ ಹಿಡಿದು ಅದರ ಮುಂದೆ ನಿಂತಿರುತ್ತೇನೆ. ಭಾಷಣ ಬೇಡ, ತನಿಖೆಯೂ ಬೇಡ. ಅಲ್ಲಿಂದ ಒಂದು ಸೈಕಲ್ ತೆಗೆದುಕೊಂಡು ನಿಮ್ಮ ಕಚೇರಿಗೆ ಹೋಗಿ. ನೀವು ಖಾಲಿ ಮಾಡಿದ ಜಾಗದಲ್ಲಿ ನನ್ನದನ್ನು ಇಟ್ಟು ನಾನು ಲ್ಯಾಬಿಗೆ ಓಡುತ್ತೇನೆ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ‘ಪದೇ ಪದೇ ತಪ್ಪು ಮಾಡುವ ಬಳಕೆದಾರಳು’,
ಪ್ರಥಮ ವರ್ಷ, ರಸಾಯನಶಾಸ್ತ್ರ