ಮೇಲಿನ ಹಲಗೆಯ ಸಲಹೆ

ಥಂಡರ್ ಬೇ
ಅಕ್ಟೋಬರ್ 19

ಪ್ರೀತಿಯ ತಂಗಿ ಲೆಂಪಿಗೆ ಅಣ್ಣ ಆರ್ವೋನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಬಹಳ ದಿನವಾಯಿತು, ಕ್ಷಮಿಸು. ಉತ್ತರ ಬರೆಯಲು ಕೂತಾಗಲೆಲ್ಲ ನೆಪ ಹುಡುಕಿ ಎದ್ದುಬಿಡುತ್ತಿದ್ದೆ. ಒಂದು ದಿನ ಸೌದೆ ಒಡೆದೆ, ಮರುದಿನ ಆ ರಾಶಿಯನ್ನೇ ಕೆಡವಿ ಮತ್ತೆ ಜೋಡಿಸಿದೆ. "ಒಡೆಯೋಕೆ ಇನ್ನು ಮರ ಇಲ್ಲ, ಬರೀರಿ" ಎಂದು ನಿನ್ನ ಅತ್ತಿಗೆ ಹಿಲ್ಕ ಪೆನ್ನು ತಂದಿಟ್ಟಿದ್ದಾಳೆ. ಅವಳ ಮಂಡಿ ಚಳಿಗೆ ಹಟ ಮಾಡುತ್ತಿದೆ, ಉಳಿದಂತೆ ಕ್ಷೇಮ.

ನಿನ್ನ ಅಮೆರಿಕದ ಷೇರುಗಳ ವಿಷಯ. ಶನಿವಾರದ ಸೌನಾದ ಹಬೆಸ್ನಾನದಲ್ಲಿ ಮೇಲಿನ ಹಲಗೆ ಹತ್ತಿ, ಕಾದ ಕಲ್ಲಿಗೆ ನೀರು ಸುರಿಯುತ್ತಾ, ಎಲ್ಲರಿಗೂ ಬುದ್ಧಿ ಹೇಳುವವನು ನಾನೇ. "ನಿವೃತ್ತಿ ಖಾತೆಯಲ್ಲಿ ಯಾಕ್ರೋ ಕೊಳೆಸ್ತೀರಿ? ತೆರಿಗೆ ಇಲ್ಲದ ಖಾತೆ ಅಂತ ಸರ್ಕಾರವೇ ಹೆಸರಿಟ್ಟಿದೆ, ಅದಕ್ಕೆ ಹಾಕಿ" ಎನ್ನುತ್ತಿದ್ದೆ. ಆ ಹಬೆಯಲ್ಲಿ ಯಾರೂ ವಾದ ಮಾಡುವುದಿಲ್ಲ, ನಾನು ಮುಗಿಸಿದರೆ ಸಾಕೆಂದು ತಲೆಯಾಡಿಸುತ್ತಾರೆ. ನಂಬಿ ಮಾಡಿದವಳು ನೀನೊಬ್ಬಳೇ. ನೀನು ಹಳೆಯ ನಿವೃತ್ತಿ ಖಾತೆಯಿಂದ ತೆಗೆದೆ, ತೆಗೆದದ್ದಕ್ಕೆ ತೆರಿಗೆಯನ್ನೂ ಕಟ್ಟಿದೆ, ಹೊಸದಕ್ಕೆ ಹಾಕಿದೆ.

"ಲಾಭಾಂಶ ಈಗಲೂ ಕಮ್ಮೀನೇ ಬರ್ತಿದೆ ಅಣ್ಣ, ಯಾಕೆ ಅಂತ ವಿಚಾರಿಸ್ತೀಯಾ?" ಎಂದು ಬರೆದಿದ್ದೆಯಲ್ಲ, ಬ್ಯಾಂಕಿಗೆ ಹೋಗಿ ಕೇಳಿದೆ.

"ತೆರಿಗೆ ಇಲ್ಲ ಅನ್ನೋದು ನಮ್ಮ ಕೆನಡಾದ ಮಾತು, ಸರ್" ಎಂದಳು ಅಲ್ಲಿಯ ಹೆಂಗಸು. "ಎರಡು ದೇಶದ ಒಪ್ಪಂದದ ಪ್ರಕಾರ ಅಮೆರಿಕದವರು ನಿವೃತ್ತಿ ಖಾತೆಗೆ ಮಾತ್ರ ತೆರಿಗೆ ಬಿಡ್ತಾರೆ. ಇದಕ್ಕಾದರೆ ಕಳಿಸೋ ಮೊದಲೇ ನೂರಕ್ಕೆ ಹದಿನೈದು ಮುರ್ಕೊಳ್ತಾರೆ. ಅದು ವಾಪಸ್ ಬರಲ್ಲ."

"ಮತ್ತೆ ಹಳೇ ಖಾತೆಗೇ ಹಾಕಿದ್ರೆ?"

"ತಂಗಿಗೆ ಎಪ್ಪತ್ತೆರಡು ಅಂದ್ರಲ್ಲ. ಆ ವಯಸ್ಸಿಗೆ ಹಾಕೋಕೆ ಬರಲ್ಲ."

ಆ ಅಮೆರಿಕದ ಷೇರು ಮಾರಿ ನಮ್ಮ ದೇಶದ್ದೇ ಕೊಂಡರೆ ಮುಂದಕ್ಕೆ ಮುರಿಯುವುದಿಲ್ಲವಂತೆ. ಹೋದದ್ದು ಹೋದಂತೆಯೇ.

ಈಸ್ಟರಿಗೆ ಬಂದಾಗ ನೀನು ಗಟ್ಟಿ ರೈ ರೊಟ್ಟಿಯನ್ನು ಕಾಫಿಯಲ್ಲಿ ಅದ್ದಿ ಮೆತ್ತಗೆ ಮಾಡಿಕೊಂಡು ತಿನ್ನುತ್ತಿದ್ದೆ. "ಮುದುಕಿ ಆಗಿಬಿಟ್ಟೆಯಲ್ಲೇ" ಎಂದು ನಾನು ರೇಗಿಸಿದೆ. "ಲಾಭಾಂಶ ಸರಿಯಾಗಿ ಬರಲಿ, ಕೆಳಗಿನ ಹಲ್ಲು ಕಟ್ಟಿಸ್ಕೊಂಡು ಮೊದಲು ನಿನ್ನನ್ನೇ ಕಚ್ತೀನಿ" ಎಂದೆ ನೀನು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನೆನೆದರೆ ಈಗ ಮುಖ ಎಲ್ಲಿಡಲಿ ಎನಿಸುತ್ತದೆ.

ಮೊನ್ನೆ ಶನಿವಾರ ಕೆಳಗಿನ ಹಲಗೆಯಲ್ಲೇ ಕೂತೆ. "ಏನಯ್ಯಾ ಪಂಡಿತ, ಇವತ್ತು ಪಾಠ ಇಲ್ವಾ?" ಎಂದ ಪಕ್ಕದ ಮನೆಯ ತೌನೋ. ಮೇಲೆ ಬಿಸಿ ಜಾಸ್ತಿ ಎಂದೆ.

ನಿನ್ನ ಹಲ್ಲಿನ ಖರ್ಚು ನನ್ನದು, ಬೇಡ ಅನ್ನಬೇಡ. ಗಟ್ಟಿ ರೊಟ್ಟಿ ಕಡಿಯುತ್ತಾ ನೂರು ವರ್ಷ ಬಾಳು.

ನಿನ್ನ ಅಣ್ಣ
ಆರ್ವೋ

ತಾ.ಕ.: ಆ ಈಸ್ಟರ್ ದಿನ ಹೊರಡುವಾಗ ನೀನು ಕಾರಿನ ಹತ್ತಿರ ಕೇಳಿದೆ, "ನಿನ್ನದರಲ್ಲೂ ಮುರ್ಕೊಳ್ತಾರಾ ಅಣ್ಣ?" ಎಂದು. "ಹೂಂ, ಎಲ್ಲರದ್ದೂ ಅಷ್ಟೇ" ಎಂದೆ ನಾನು. ಸುಳ್ಳು ಹೇಳಿದೆ, ಲೆಂಪಿ. ನನ್ನ ಷೇರುಗಳು ಇವತ್ತಿಗೂ ಹಳೆಯ ನಿವೃತ್ತಿ ಖಾತೆಯಲ್ಲೇ ಇವೆ, ಒಂದು ಕಾಸೂ ಮುರಿದಿಲ್ಲ. ಮೊದಲು ನಿನ್ನದು ಏನಾಗುತ್ತದೋ ನೋಡೋಣ ಎಂದು ಕಾಯುತ್ತಿದ್ದೆ.