ರವಿವಾರ ಲೆಕ್ಕಕ್ಕಿಲ್ಲ

ಫೆಬ್ರವರಿ 20, ಶುಕ್ರವಾರ

ಮೂರನೆಯ ದಿನ. ಚಹಾಕ್ಕೂ ಸಕ್ಕರೆ ಇಲ್ಲ. ಮುಖ ಕಿವುಚಿಕೊಂಡು ಕುಡಿದೆ. ತಪ್ಪು ನನ್ನದೇ — ಬೂದಿ ಬುಧವಾರ ಚರ್ಚಿನಲ್ಲಿ, ಹಣೆಯ ಬೂದಿ ಇನ್ನೂ ಹಸಿ ಇರುವಾಗಲೇ, ಫಾದರ್ ಎದುರು, ಮಹಿಳಾ ಸಂಘದವರೆಲ್ಲರ ಎದುರು ಹೇಳಿಬಿಟ್ಟೆ: ಈಸ್ಟರ್‌ವರೆಗೆ ನಲವತ್ತು ದಿನ ಸಿಹಿ ಮುಟ್ಟುವುದಿಲ್ಲ. ಎಲ್ಲರೂ ನಕ್ಕರು. ಧಾರವಾಡದಲ್ಲಿ ಕೊಂಡ ಕಾಲು ಕಿಲೋ ಪೇಢೆಯನ್ನು ಹುಬ್ಬಳ್ಳಿ ಬರುವಷ್ಟರಲ್ಲಿ ಬಸ್ಸಿನಲ್ಲೇ ಮುಗಿಸಿದವಳು ನಾನು, ನಗದೆ ಏನು ಮಾಡುತ್ತಾರೆ? ಆ ನಗೆಗೇ ಹಠ ಬಂತು.

ಪಕ್ಕದ ಮನೆಯಲ್ಲೂ ರಂಜಾನಿನ ರೋಜಾ ಶುರು. ಗುಲ್ಜಾರಬಿ ಕಂಪೌಂಡ್ ಗೋಡೆಯಾಚೆಯಿಂದ ಕೇಳಿದರು, “ಅಕ್ಕೋರ, ಈ ವರ್ಷ ನಿಮ್ಮ ಉಪವಾಸ, ನಮ್ಮ ರೋಜಾ ಕೂಡೇ ಬಂದಾವಲ್ರಿ. ಏನ ಬಿಟ್ಟೀರಿ?”

“ಸಿಹಿ.”

“ಯಾ ಅಲ್ಲಾ! ಅನ್ನಾನರ ಬಿಡಬೇಕಿತ್ತು ನೀವು.”

ಜನವರಿಯಲ್ಲಿ ಅವರ ಯಜಮಾನರು ಮಕಬೂಲಸಾಬರು ತೀರಿಹೋದ ಮೇಲೆ ಅವರು ನಕ್ಕದ್ದು ಇದೇ ಮೊದಲು.

ಫೆಬ್ರವರಿ 22, ರವಿವಾರ

ನಲವತ್ತು ದಿನದ ಲೆಕ್ಕದಲ್ಲಿ ರವಿವಾರ ಸೇರುವುದಿಲ್ಲ. ನಾನು ಕಟ್ಟಿದ್ದಲ್ಲ, ಮೊದಲಿನಿಂದ ಬಂದ ಪದ್ಧತಿ. ಎರಡು ಪೇಢೆ ತಿಂದೆ.

ಸರಿ, ನಾಲ್ಕು.

ಸಂಜೆ ಗುಲ್ಜಾರಬಿಯ ರೋಜಾ ಬಿಟ್ಟ ಮೇಲೆ ಹೇಳಿದೆ. “ಛಲೋ ಐತಲ್ರಿ, ವಾರಕ್ಕೊಮ್ಮೆ ಸೂಟಿ!” ಎಂದರು.

ಮಾರ್ಚ್ 9, ಸೋಮವಾರ

ಹದಿನೇಳು. ಸಂಘದಲ್ಲಿ ಈಗ ಯಾರೂ ನಗುವುದಿಲ್ಲ. ನಿನ್ನೆ ಫಾದರ್ ಪ್ರಸಂಗದಲ್ಲಿ “ನಮ್ಮ ನಡುವಿನ ಒಬ್ಬ ತಾಯಿ” ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿದೆ, ಆದರೆ ಒಳಗೊಳಗೇ ಉಬ್ಬಿದೆ.

ಮಾರ್ಚ್ 21, ಶನಿವಾರ, ಮಧ್ಯಾಹ್ನ

ಇಪ್ಪತ್ತೆಂಟು. ಇವತ್ತು ಈದ್. ಸಂಘದ ಇಬ್ಬರು ಮನೆಗೆ ಬಂದು ಕೂತಿದ್ದರು. ಗುಲ್ಜಾರಬಿಯ ಮಗಳು ಶಾಜಿಯಾ ಬಾಗಿಲಿಗೆ ಬಂದಳು, ಕೈಯಲ್ಲಿ ಅದೇ ಸ್ಟೀಲ್ ಡಬ್ಬಿ. ಹದಿನಾಲ್ಕು ವರ್ಷದಿಂದ ಅದು ಈದ್‌ಗೆ ಸುರಕುಂಬಾ ತುಂಬಿಕೊಂಡು ಇತ್ತ ಬರುತ್ತದೆ, ಕ್ರಿಸ್‌ಮಸ್ಸಿಗೆ ಕರ್ಚಿಕಾಯಿ ತುಂಬಿಕೊಂಡು ಅತ್ತ ಹೋಗುತ್ತದೆ. ಹಾಲಲ್ಲಿ ಬೆಂದ ಶ್ಯಾವಿಗೆ, ತುಪ್ಪದಲ್ಲಿ ಹುರಿದ ಉತ್ತತ್ತಿ… ಮುಚ್ಚಳ ಹಾಕಿದ್ದರೂ ವಾಸನೆ ಬಂತು.

“ಇಲ್ಲವಾ, ನಾ ಸಿಹಿ ಬಿಟ್ಟೇನಿ. ಒಯ್ಯಿ.”

“ಅಮ್ಮಿ ನಿಮಗಂತನ ಖಾಸ್—”

“ಖಾಸ್ ಇದ್ರೂ ಅಷ್ಟ.”

ಒಳಗೆ ಕೂತ ಇಬ್ಬರಿಗೂ ಕೇಳುವ ಹಾಗೆ ಹೇಳಿದೆ. ಅವರು ಭೇಷ್ ಎಂದರು.

ಮಾರ್ಚ್ 22, ರವಿವಾರ

ಪೂಜೆ ಮುಗಿಸಿ ಬರುತ್ತ ಬಿಸಿ ಜಿಲೇಬಿ ತಂದೆ. ಗುಲ್ಜಾರಬಿ ಗೋಡೆಯ ಹತ್ತಿರ ನಿಂತಿದ್ದರು. ಕೈ ಬೀಸಿದೆ. ಬಿಸಿಲು ಬಹಳ, ನಿಲ್ಲಲಿಲ್ಲ.

ಮಾರ್ಚ್ 25, ಬುಧವಾರ

ನಳ ಬಂದಿತ್ತು. ಕೊಡ ತುಂಬುತ್ತ ಶಾಜಿಯಾಳಿಗೆ ಸುಮ್ಮನೆ ಕೇಳಿದೆ, ಈದ್ ಹೆಂಗಾತು ಎಂದು. ಅವಳು ನನ್ನ ಮುಖ ನೋಡದೆ ಹೇಳಿದಳು.

“ಅಬ್ಬಾ ಹೋದ ಮ್ಯಾಲೆ ಮೊದಲನೇ ಈದ್ ಅಲ್ರಿ. ಮನ್ಯಾಗ ಏನೂ ಸಿಹಿ ಮಾಡಲಿಲ್ಲ. ನಿಮಗಂತನ ಅರ್ಧಾ ಲೀಟರ್ ಹಾಲ ತರಿಸಿದ್ರು ಅಮ್ಮಿ. ನೀವು ಹೊಳ್ಳಿ ಕಳಿಸಿದ್ರೂ ಬ್ಯಾಸರಾ ಮಾಡ್ಕೊಳ್ಳಲಿಲ್ಲ. ‘ನಾಳೆ ರವಿವಾರ, ಅಕ್ಕೋರಿಗೆ ಸೂಟಿ, ತಾವಾ ಕೇಳ್ತಾರ’ ಅಂತ ಫ್ರಿಜ್‌ನ್ಯಾಗ ಇಟ್ರು. ಗ್ವಾಡಿ ಹಂತೇಕ ಎರಡ ಸಲ ಹೋಗಿ ನಿಂತ್ರು.”

“ಮತ್ತ?”

“ನಿಮ್ಮ ಕೈಯಾಗ ಜಿಲೇಬಿ ಪೊಟ್ಟಣ ಇತ್ತು. ಸೋಮವಾರ ಚೆಲ್ಲಿದ್ವಿ.”

ಕೊಡ ತುಂಬಿ ಹರಿಯುತ್ತಿತ್ತು. ನಾಚಿಕೆಯಾಯಿತು. ನಲವತ್ತೆಂಟು ವರ್ಷದಲ್ಲಿ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಅವರಿಗೆ ನನ್ನ ರವಿವಾರ ನೆನಪಿತ್ತು. ನನಗೆ ಅವರ ಮೊದಲ ಈದ್ ನೆನಪಿರಲಿಲ್ಲ.

ಮಾರ್ಚ್ 30, ಸೋಮವಾರ

ಮೂವತ್ತೈದು. ಅವರ ಗೇಟಿನವರೆಗೆ ಹೋಗಿ ಹೊಳ್ಳಿ ಬಂದೆ. ಏನು ಹೇಳುವುದು?

ಏಪ್ರಿಲ್ 5, ಈಸ್ಟರ್ ರವಿವಾರ, ಸಂಜೆ

ನಲವತ್ತೂ ಮುಗಿದವು. ಚರ್ಚಿನಲ್ಲಿ ಎಲ್ಲರೂ ಕೈ ಕುಲುಕಿದರು. ಕೇಕ್ ಕೊಟ್ಟರು, ತಿನ್ನದೆ ಕರವಸ್ತ್ರದಲ್ಲಿ ಸುತ್ತಿಟ್ಟೆ.

ಮನೆಗೆ ಬಂದು ಕರ್ಚಿಕಾಯಿ ಮಾಡಿದೆ. ಹಾಕಿಕೊಡಲು ಆ ಡಬ್ಬಿ ಈ ಸಲ ನನ್ನ ಹತ್ತಿರ ಇಲ್ಲ. ತಾಟಿನಲ್ಲಿಟ್ಟುಕೊಂಡು ಹೋದೆ.

“ನಂದು ತಪ್ಪಾತ್ರಿ, ಗುಲ್ಜಾರಬಿ.”

“ಹೋಗ್ಲಿ ಬಿಡ್ರಿ” ಎಂದು ಕೈ ಹಿಡಿದು ಕೂಡಿಸಿಕೊಂಡರು. ಚಹಾ ಮಾಡಿಸಿದರು. ನನ್ನದಕ್ಕೆ ಎರಡು ಚಮಚ ಸಕ್ಕರೆ, ಅವರದಕ್ಕೆ ಇಲ್ಲ. ಕರ್ಚಿಕಾಯಿ ಒಂದನ್ನೂ ಮುಟ್ಟಲಿಲ್ಲ.

“ಸಿಟ್ಟೇನ್ರಿ?”

“ಇಲ್ರಿ. ಅವರು ಹೋದಾಗಿಂದ ಸಿಹಿ ಬಾಯಿಗೆ ಹೋಗವಲ್ದು. ಈದ್ ದಿನಾ ನಿಮ್ಮ ಕೂಡ ಕುಂತು ಒಂದ ಚಮಚಾ ತಿನ್ನಬೇಕಂತ ಮಾಡಿದ್ದೆ… ಆಗಲಿಲ್ಲ.”

“ಇನ್ನ ಎಷ್ಟ ದಿನಾ ಹಿಂಗ?”

“ನಾ ದಿನಾ ಎಣಿಸಿಲ್ರಿ, ಅಕ್ಕೋರ.”

ಏಪ್ರಿಲ್ 6, ಸೋಮವಾರ, ಬೆಳಿಗ್ಗೆ

ಚಹಾಕ್ಕೆಂದು ಸಕ್ಕರೆ ಡಬ್ಬ ತೆಗೆದೆ. ಮತ್ತೆ ಮುಚ್ಚಿದೆ. ಗುಲ್ಜಾರಬಿ ಒಂದು ಚಮಚ ತಿನ್ನುವವರೆಗೆ ನಾನೂ ತಿನ್ನುವುದಿಲ್ಲ. ಫಾದರ್‌ಗೆ ಹೇಳುವುದಿಲ್ಲ, ಸಂಘದವರಿಗೆ ಹೇಳುವುದಿಲ್ಲ, ಅವರಿಗೂ ಹೇಳುವುದಿಲ್ಲ. ಇವತ್ತು ಮೊದಲನೆಯ—

ಬೇಡ. ಎಣಿಸುವುದಿಲ್ಲ. ರವಿವಾರವೂ ಸೂಟಿ ಇಲ್ಲ.